ಶೆರಿಫ್‌ನ ಕುರ್ಚಿ ಯಾರದು? ಕಪ್ಪುಪಟ್ಟಿಯ ಕಾಲದ ರಾಬಿನ್ ಹುಡ್

1953ರ ನವೆಂಬರ್‌ನಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಪಠ್ಯಪುಸ್ತಕ ಆಯೋಗದ ಸದಸ್ಯೆಯೊಬ್ಬರು ಶಾಲಾ ಪುಸ್ತಕಗಳಿಂದ ರಾಬಿನ್ ಹುಡ್‌ನ ಕಥೆಯನ್ನು ಕಿತ್ತುಹಾಕಬೇಕೆಂದು ಪಟ್ಟು ಹಿಡಿದರು. ಉಳ್ಳವರಿಂದ ದೋಚಿ ಇಲ್ಲದವರಿಗೆ ಹಂಚುವುದು ಕಮ್ಯುನಿಸ್ಟರ ಮಾತು, ಆ ಕಥೆಗೆ ಒತ್ತು ಕೊಡಬೇಕೆಂದು ಶಿಕ್ಷಣ ಕ್ಷೇತ್ರಕ್ಕೆ ಕಮ್ಯುನಿಸ್ಟರ ಅಪ್ಪಣೆಯಾಗಿದೆ, ಇದು ಕಾನೂನು ಸುವ್ಯವಸ್ಥೆಗೆ ಮಸಿ ಬಳಿಯುವ ಕೆಲಸ ಎಂಬುದು ಅವರ ವಾದ. ಅದೇ ಉಸಿರಿನಲ್ಲಿ ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರ ಪ್ರಸ್ತಾಪವೂ ಪಠ್ಯದಲ್ಲಿ ಇರಕೂಡದು ಎಂದರು. ಸುದ್ದಿ ಅಟ್ಲಾಂಟಿಕ್ ದಾಟಿತು. ಕಥೆಯಲ್ಲಿ ರಾಬಿನ್‌ನ ಕಡುವೈರಿ ನಾಟಿಂಗ್‌ಹ್ಯಾಮ್‌ನ ಶೆರಿಫ್, ಅಂದರೆ ರಾಜನ ಪರ ಕಾನೂನು ಕಾಯುವ ಅಧಿಕಾರಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಶೆರಿಫ್ ಎಂಬ ಹುದ್ದೆ ಗೌರವಕ್ಕಾಗಿ ಈಗಲೂ ಉಳಿದುಕೊಂಡಿದೆ. ಅಂದು ಆ ಹುದ್ದೆಯಲ್ಲಿದ್ದವರು ರಾಬಿನ್ ಹುಡ್ ಕಮ್ಯುನಿಸ್ಟ್ ಆಗಿರಲಿಲ್ಲ ಎಂದು ಹೇಳಿಕೆ ಕೊಟ್ಟರು. ಏಳು ಶತಮಾನದ ಹಗೆಯನ್ನು ಬದಿಗಿಟ್ಟು ಶೆರಿಫನೇ ಅವನ ಪರ ಸಾಕ್ಷಿ ನುಡಿದದ್ದು ಬಹುಶಃ ಅದೇ ಮೊದಲು.

ಒತ್ತಾಯ ಕೈಗೂಡಲಿಲ್ಲ, ಜನ ನಕ್ಕು ಸುಮ್ಮನಾದರು. ಇಂದಿಗೂ ಆ ಕಾಲದ ಹುಚ್ಚಾಟಗಳನ್ನು ಎಣಿಸುವವರು ಇದನ್ನೊಂದು ಹಾಸ್ಯಪ್ರಸಂಗವಾಗಿ ಹೇಳುತ್ತಾರೆ. ಆದರೆ ಎರಡೇ ವರ್ಷಗಳ ನಂತರ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. 1955ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮನೆಮನೆಯ ಟಿವಿಯಲ್ಲಿ ರಾಬಿನ್ ಹುಡ್ ಕಾಣಿಸಿಕೊಂಡ. ಅವನ ಬಾಯಿಗೆ ಮಾತು ಕೊಟ್ಟವರು ಕಮ್ಯುನಿಸ್ಟರೆಂಬ ಕಾರಣಕ್ಕೆ ಹಾಲಿವುಡ್ ಹೊರಹಾಕಿದ್ದ ಲೇಖಕರು. ಕಾಡಿಗೆ ಓಡಿದ ಬಹಿಷ್ಕೃತನ ಕಥೆ ಜನಪ್ರಿಯ ಸಂಸ್ಕೃತಿಯಲ್ಲಿ ಇಷ್ಟು ದೀರ್ಘಕಾಲ ಬಾಳಿದ್ದು ಹೇಗೆ ಎಂಬುದಕ್ಕೆ ಈ ಎರಡು ಘಟನೆಗಳ ನಡುವಿನ ನಂಟಿಗಿಂತ ಒಳ್ಳೆಯ ಪ್ರಕರಣ ನನಗೆ ಕಂಡಿಲ್ಲ.

ಕೋಳಿಪುಕ್ಕದ ಚಳವಳಿ

ಅದು ಎಲ್ಲೆಲ್ಲೂ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿಯ ಕಾಲ. ಸರ್ಕಾರಿ ನೌಕರರು, ಅಧ್ಯಾಪಕರು, ಸಿನಿಮಾದವರು ತಾವು ದೇಶನಿಷ್ಠರೆಂದು ಸಾಬೀತುಪಡಿಸಬೇಕಾಗಿದ್ದ ದಿನಗಳು. ಇಂಥ ವಾತಾವರಣದಲ್ಲಿ, 1954ರ ಆರಂಭದಲ್ಲಿ, ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು ಪಠ್ಯಪುಸ್ತಕದ ರಗಳೆಗೆ ತಮ್ಮದೇ ರೀತಿಯಲ್ಲಿ ಉತ್ತರ ಕೊಡಲು ಹೊರಟರು. ಇವರು ಕೆಂಬಾವುಟದವರೇನಲ್ಲ, ಬಾಪ್ಟಿಸ್ಟ್ ಚರ್ಚಿಗೆ ಸೇರಿದ ವಿದ್ಯಾರ್ಥಿ ಬಳಗದವರು. ಕೋಳಿ ಸಾಕುವವರ ಬಳಿ ಹೋಗಿ ಪುಕ್ಕದ ಚೀಲಗಳನ್ನು ಹೊತ್ತು ತಂದರು, ಮನೆಯೊಂದರ ನೆಲಮಾಳಿಗೆಯಲ್ಲಿ ಹಸಿರು ಬಣ್ಣ ಕಲಸಿ ಅವನ್ನು ಅದ್ದಿ ಒಣಗಿಸಿದರು, ಕ್ಯಾಂಪಸ್ಸಿನ ಸೂಚನಾ ಫಲಕಗಳಿಗೆ ಚುಚ್ಚಿದರು, ಸಿಕ್ಕಸಿಕ್ಕವರಿಗೆ ಹಂಚಿದರು. ರಾಬಿನ್ ಹುಡ್‌ನ ಟೋಪಿಯ ಗರಿ ಮೆಕಾರ್ಥಿ ವಿರೋಧದ ಗುರುತಾಯಿತು.

ಹಸಿರು ಗರಿ ಬೇರೆ ವಿಶ್ವವಿದ್ಯಾಲಯಗಳಿಗೂ ಹಬ್ಬಿತು. ಮೆಕಾರ್ಥಿಯ ತವರು ರಾಜ್ಯವಾದ ವಿಸ್ಕಾನ್ಸಿನ್‌ನ ವಿದ್ಯಾರ್ಥಿಗಳೂ ಅದನ್ನು ಎದೆಗೆ ಸಿಕ್ಕಿಸಿಕೊಂಡರು. ಇತ್ತ ಎಫ್‌ಬಿಐ ಈ ವಿದ್ಯಾರ್ಥಿಗಳ ಹಿಂದೆ ಬಿತ್ತು. ಕೋಳಿಪುಕ್ಕಕ್ಕೆ ಬಣ್ಣ ಹಚ್ಚಿದವರ ಬೆನ್ನಿಗೆ ಗುಪ್ತಚರರು! ಚಳವಳಿ ಸರ್ಕಾರವನ್ನು ಅಲುಗಾಡಿಸಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಸೆನೆಟ್ ಮೆಕಾರ್ಥಿಯನ್ನು ಖಂಡಿಸಿತಾದರೂ ಅದಕ್ಕೆ ಕಾರಣಗಳು ಬೇರೆ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ವಿದ್ಯಾರ್ಥಿಗಳು ತಮ್ಮ ಸಂಕೇತವನ್ನು ವಿವರಿಸುವ ಗೋಜಿಗೇ ಹೋಗಬೇಕಾಗಲಿಲ್ಲ ಎಂಬುದು. ಗರಿ ಕಂಡವರಿಗೆ ರಾಬಿನ್ ಹುಡ್ ನೆನಪಾಗುತ್ತಿದ್ದ, ರಾಬಿನ್ ಹುಡ್ ಎಂದೊಡನೆ ಶೆರಿಫ್ ಯಾರೆಂದು ತಾನಾಗಿಯೇ ಹೊಳೆಯುತ್ತಿತ್ತು.

ಹಳೆಯ ಲಾವಣಿಗಳ ಕಳ್ಳ

ಇಲ್ಲೊಂದು ತೊಡಕಿದೆ. ಆ ಸದಸ್ಯೆ ಹೆದರಿದ, ವಿದ್ಯಾರ್ಥಿಗಳು ಮೆಚ್ಚಿದ ರಾಬಿನ್ ಹುಡ್ ಮೂಲದಲ್ಲಿ ಇರಲೇ ಇಲ್ಲ ಎಂದರೂ ಸಲ್ಲುತ್ತದೆ.

ಅವನ ಹೆಸರು ಇಂಗ್ಲಿಷ್ ಸಾಹಿತ್ಯದಲ್ಲಿ ಮೊದಲು ಕಾಣುವುದು 1377ರ ಸುಮಾರಿಗೆ, ವಿಲಿಯಂ ಲ್ಯಾಂಗ್‌ಲ್ಯಾಂಡನ ಕಾವ್ಯದಲ್ಲಿ. ಅಲ್ಲಿ ಮೈಗಳ್ಳ ಪಾದ್ರಿಯೊಬ್ಬ ತನಗೆ ಪ್ರಾರ್ಥನೆ ಸರಿಯಾಗಿ ಬಾರದು, ರಾಬಿನ್ ಹುಡ್‌ನ ಪದಗಳು ಮಾತ್ರ ಬಾಯಿಗೆ ಬರುತ್ತವೆ ಎಂದು ಒಪ್ಪಿಕೊಳ್ಳುತ್ತಾನೆ. ಅಂದರೆ ಆಗಲೇ ಅವನು ಜನರ ನಾಲಿಗೆಯ ಮೇಲಿದ್ದ, ದೊಡ್ಡವರಿಗೆ ಮುಜುಗರವಾಗಿದ್ದ. 1500ರ ಆಸುಪಾಸಿನಲ್ಲಿ ಅಚ್ಚಾದ ದೀರ್ಘ ಲಾವಣಿಯಲ್ಲಿ ಅವನು ಜಹಗೀರುದಾರನೂ ಅಲ್ಲ, ಜೀತದಾಳೂ ಅಲ್ಲ, ನಡುವಿನ ಸ್ವತಂತ್ರ ವರ್ಗದವನು. ಓಡಾಡುವುದು ಹೆಚ್ಚಾಗಿ ಯಾರ್ಕ್‌ಶೈರ್‌ನ ಬಾರ್ನ್ಸ್‌ಡೇಲ್‌ನಲ್ಲಿ. ರಾಜನ ಹೆಸರು ಎಡ್ವರ್ಡ್, ಈಗಿನ ಕಥೆಗಳಲ್ಲಿ ಬರುವ ರಿಚರ್ಡ್ ಅಲ್ಲ. ಮೇರಿಯನ್ ಎಂಬ ಪ್ರೇಯಸಿಯ ಸುಳಿವೇ ಇಲ್ಲ.

ಆ ಲಾವಣಿಯ ಒಂದು ಪ್ರಸಂಗವಂತೂ ಇಂದು ಓದಿದರೂ ಮಜಾ ಕೊಡುತ್ತದೆ. ಸಾಲದಲ್ಲಿ ಮುಳುಗಿದ ನೈಟ್, ಅಂದರೆ ಕುಲೀನ ಯೋಧ, ಒಬ್ಬನ ಜಮೀನು ಯಾರ್ಕ್‌ನ ಸೇಂಟ್ ಮೇರಿ ಮಠದ ಪಾಲಾಗುವುದರಲ್ಲಿದೆ. ರಾಬಿನ್ ಅವನಿಗೆ 400 ಪೌಂಡ್ ಸಾಲ ಕೊಡುತ್ತಾನೆ. ಜಾಮೀನು ಯಾರು ಎಂದರೆ ಮಾತೆ ಮರಿಯಳು! ಗಡುವಿನ ದಿನ ಅದೇ ಮಠದ ಸನ್ಯಾಸಿಯೊಬ್ಬ ಆ ದಾರಿಯಲ್ಲಿ ಸಿಕ್ಕಿಬೀಳುತ್ತಾನೆ. ಅವನ ಗಂಟಿನಲ್ಲಿ 800 ಪೌಂಡ್. ಮರಿಯಮ್ಮ ಸಾಲವನ್ನು ಎರಡರಷ್ಟು ಮಾಡಿ ತೀರಿಸಿದಳು ಎಂದು ರಾಬಿನ್ ಹಿಗ್ಗುತ್ತಾನೆ. ನೆರವು ಪಡೆದವನು ಬಡ ಒಕ್ಕಲಿಗನಲ್ಲ, ಜಮೀನುಳ್ಳ ನೈಟ್ ಎಂಬುದನ್ನು ಗಮನಿಸಬೇಕು. ಬಡವರ ಮಾತು ಬರುವುದು ಕೊನೆಯಲ್ಲಿ: ಅವನು ಒಳ್ಳೆಯ ಕಳ್ಳ, ಬಡವರಿಗೆ ಬಹಳ ಉಪಕಾರ ಮಾಡಿದ ಎಂಬ ಒಂದು ನುಡಿ, ಅಷ್ಟೇ.

ಮುಂದಿನವರು ಆ ಒಂದು ನುಡಿಯನ್ನು ಹಿಗ್ಗಿಸುತ್ತ ಹೋದರು. ಜೊತೆಗೆ ತಮಗೆ ಬೇಕಾದದ್ದನ್ನೂ ತುಂಬಿದರು. 1598ರಲ್ಲಿ ಆಂಥನಿ ಮಂಡೇ ಎಂಬ ನಾಟಕಕಾರ ಅವನನ್ನು ಪದವಿ ಕಳೆದುಕೊಂಡ ಅರ್ಲ್ ಮಾಡಿದ. ರಂಗಭೂಮಿಗೆ ಬರುತ್ತಿದ್ದ ಕುಲೀನರಿಗೆ ಕಾಡಿನ ಸಾಮಾನ್ಯನಿಗಿಂತ ಕಾಡುಪಾಲಾದ ಕುಲೀನ ಹೆಚ್ಚು ರುಚಿಸುತ್ತಿದ್ದ. 1795ರಲ್ಲಿ ಜೋಸೆಫ್ ರಿಟ್ಸನ್ ಎಲ್ಲ ಲಾವಣಿಗಳನ್ನು ಕಲೆಹಾಕಿ ಪ್ರಕಟಿಸಿದ. ಫ್ರೆಂಚ್ ಕ್ರಾಂತಿಯ ಅಭಿಮಾನಿಯಾಗಿದ್ದ ಅವನ ಮುನ್ನುಡಿಯ ರಾಬಿನ್ ದಬ್ಬಾಳಿಕೆಯ ವಿರುದ್ಧ ನಿಂತ ಸ್ವಾತಂತ್ರ್ಯಪ್ರೇಮಿ. ಕಾಲು ಶತಮಾನದ ಬಳಿಕ ವಾಲ್ಟರ್ ಸ್ಕಾಟ್ ತನ್ನ ಕಾದಂಬರಿಯಲ್ಲಿ ಅವನನ್ನು ಹೊರಗಿನಿಂದ ಬಂದ ನಾರ್ಮನ್ ಆಳರಸರ ಎದುರು ಸ್ಥಳೀಯ ಸ್ಯಾಕ್ಸನ್ನರ ಪರ ನಿಲ್ಲಿಸಿದ. ಒಬ್ಬನೇ ಕಳ್ಳ, ಆದರೆ ಎದುರಾಳಿ ಪ್ರತಿ ಸಲವೂ ಬೇರೆ: ಒಮ್ಮೆ ಮಠಾಧಿಪತಿ, ಒಮ್ಮೆ ನಿರಂಕುಶ ಪ್ರಭುತ್ವ, ಒಮ್ಮೆ ಪರಕೀಯ ಆಳರಸ. ನಾಯಕನ ಗುಣಗಳ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ನನ್ನ ಲೆಕ್ಕದಲ್ಲಿ ಈ ಕಥೆಯ ಆಯುಷ್ಯ ಇರುವುದು ನಾಯಕನಲ್ಲಿ ಅಲ್ಲ. ಶೆರಿಫ್‌ನ ಕುರ್ಚಿ ಸದಾ ಖಾಲಿ ಇರುವುದರಲ್ಲಿ. ಯಾವ ಕಾಲದವರು ಬೇಕಾದರೂ ತಮಗಾಗದವನನ್ನು ತಂದು ಅಲ್ಲಿ ಕೂರಿಸಬಹುದು.

ಹೆಸರು ಹೇಳದವರು, ಹೆಸರು ಕಳೆದುಕೊಂಡವರು

1947ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯ ಸಮಿತಿಯೊಂದು ಹಾಲಿವುಡ್‌ನವರನ್ನು ವಿಚಾರಣೆಗೆ ಕರೆಯಿತು. 'ಅಮೆರಿಕ ವಿರೋಧಿ ಚಟುವಟಿಕೆಗಳ' ಬೆನ್ನು ಹತ್ತಿದ ಸಮಿತಿ ಅದು. ನೀವು ಕಮ್ಯುನಿಸ್ಟ್ ಪಕ್ಷದ ಸದಸ್ಯರೇ, ಅಥವಾ ಎಂದಾದರೂ ಆಗಿದ್ದಿರೇ ಎಂಬುದು ಅದರ ಪ್ರಶ್ನೆ. ಹತ್ತು ಮಂದಿ ಉತ್ತರಿಸಲು ಒಪ್ಪಲಿಲ್ಲ. ಅವರಲ್ಲೊಬ್ಬರು ಆಸ್ಕರ್ ಗೆದ್ದಿದ್ದ ಚಿತ್ರಕಥೆಗಾರ ರಿಂಗ್ ಲಾರ್ಡ್ನರ್ ಜೂನಿಯರ್. ಅವರು ಪಕ್ಷದ ಸದಸ್ಯರಾಗಿದ್ದದ್ದು ನಿಜ. ಆದರೆ ಸಮಿತಿಗೆ ಅವರು ಹೇಳಿದ್ದು ಇಷ್ಟು: ಉತ್ತರ ಕೊಡಬಲ್ಲೆ, ಕೊಟ್ಟರೆ ಮರುದಿನ ಬೆಳಿಗ್ಗೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಹತ್ತೂ ಮಂದಿಗೆ ಜೈಲಾಯಿತು. ಲಾರ್ಡ್ನರ್ ಅವರನ್ನು ಕನೆಕ್ಟಿಕಟ್‌ನ ಡ್ಯಾನ್‌ಬರಿ ಸೆರೆಮನೆಗೆ ಕಳಿಸಿದರು. ಅಲ್ಲಿ ಅವರಿಗಿಂತ ಮೊದಲೇ ಬಂದು ಕುಳಿತಿದ್ದವರು ಜೆ. ಪಾರ್ನೆಲ್ ಥಾಮಸ್, ಅಂದರೆ ಅದೇ ವಿಚಾರಣಾ ಸಮಿತಿಯ ಮಾಜಿ ಅಧ್ಯಕ್ಷರು! ಕೆಲಸವನ್ನೇ ಮಾಡದವರ ಹೆಸರಿನಲ್ಲಿ ಸರ್ಕಾರಿ ಸಂಬಳ ಎತ್ತಿ ಜೇಬಿಗಿಳಿಸಿದ ಆರೋಪ ಸಾಬೀತಾಗಿ ಅವರೂ ಒಳಗೆ ಬಂದಿದ್ದರು. ಸೆರೆಮನೆಯಲ್ಲಿ ಅವರಿಗೆ ಕೋಳಿಗಳನ್ನು ನೋಡಿಕೊಳ್ಳುವ ಕೆಲಸ. ಈ ಪ್ರಕರಣಕ್ಕೂ ಕೋಳಿಗಳಿಗೂ ಯಾವುದೋ ಜನ್ಮದ ಋಣಾನುಬಂಧವಿದ್ದಂತಿದೆ.

ಜೈಲಿನಿಂದ ಹೊರಬಂದರೂ ಕೆಲಸವಿಲ್ಲ. ಇಂಥವರನ್ನು ಕೆಲಸಕ್ಕಿಟ್ಟುಕೊಳ್ಳುವುದಿಲ್ಲವೆಂದು ಸ್ಟುಡಿಯೋಗಳ ಒಡೆಯರು 1947ರಲ್ಲೇ ಬಹಿರಂಗವಾಗಿ ಹೇಳಿಯಾಗಿತ್ತು. ಅದೇ ಕಪ್ಪುಪಟ್ಟಿ. ಉಳಿದ ದಾರಿ ಒಂದೇ, ಬೇರೆಯವರ ಹೆಸರಿನ ಮರೆಯಲ್ಲಿ ಬರೆಯುವುದು. ಹತ್ತು ಮಂದಿಯಲ್ಲಿ ಇನ್ನೊಬ್ಬರಾದ ಡಾಲ್ಟನ್ ಟ್ರಂಬೋ 'ರೋಮನ್ ಹಾಲಿಡೇ' ಚಿತ್ರದ ಕಥೆಯನ್ನು ಗೆಳೆಯ ಇಯನ್ ಮೆಕ್ಲೆಲನ್ ಹಂಟರ್ ಹೆಸರಿನಲ್ಲಿ ಮಾರಿದರು. ಕಥೆಗೆ ಆಸ್ಕರ್ ಬಂತು, ಪಡೆದವರು ಹಂಟರ್. ಸ್ವಲ್ಪದರಲ್ಲೇ ಹಂಟರ್ ಕೂಡ ಕಪ್ಪುಪಟ್ಟಿಗೆ ಸೇರಿದರು. ಹೆಸರು ಕೊಟ್ಟವನಿಗೂ ಹೆಸರಿಲ್ಲದಂತಾಯಿತು.

ಇಂಥ ಹೊತ್ತಿನಲ್ಲಿ ಲಂಡನ್ನಿನಿಂದ ಬಂದ ಕರೆ ಹಾನಾ ವೈನ್‌ಸ್ಟೈನ್ ಅವರದು. ಪತ್ರಕರ್ತೆಯಾಗಿದ್ದವರು, 1948ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎಡಪಂಥೀಯರ ಒಲವಿನ ಹೆನ್ರಿ ವ್ಯಾಲೆಸ್ ಪರ ದುಡಿದವರು, ಆ ಬಳಿಕ ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಮೆರಿಕ ಬಿಟ್ಟು ಯುರೋಪಿಗೆ ಬಂದವರು. ಲಂಡನ್ನಿನಲ್ಲಿ ಅವರು ಸಫೈರ್ ಫಿಲ್ಮ್ಸ್ ಎಂಬ ಸಂಸ್ಥೆ ಕಟ್ಟಿದರು. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಬಿಬಿಸಿಯೊಂದೇ ಟಿವಿ. ಜಾಹೀರಾತಿನ ಮೇಲೆ ನಡೆಯುವ ಐಟಿವಿ 1955ರ ಸೆಪ್ಟೆಂಬರ್ 22ರಂದು ಆರಂಭವಾಗುವುದಿತ್ತು, ಅದಕ್ಕೆ ಕಾರ್ಯಕ್ರಮಗಳು ಬೇಕಿದ್ದವು. ವೈನ್‌ಸ್ಟೈನ್ ರಾಬಿನ್ ಹುಡ್‌ನನ್ನು ಆರಿಸಿಕೊಂಡರು. ಬರೆಯಲು ಲಾರ್ಡ್ನರ್ ಮತ್ತು ಹಂಟರ್ ಇಬ್ಬರನ್ನೂ ಗುಟ್ಟಾಗಿ ಗೊತ್ತುಮಾಡಿದರು. ವಾಲ್ಡೋ ಸಾಲ್ಟ್, ಏಡ್ರಿಯನ್ ಸ್ಕಾಟ್ ಮೊದಲಾದ ಇತರ ಬಹಿಷ್ಕೃತರಿಗೂ ಕೆಲಸ ಕೊಟ್ಟರು. ಲಾರ್ಡ್ನರ್‌ಗೆ ಪಾಸ್‌ಪೋರ್ಟ್ ನಿರಾಕರಿಸಲಾಗಿತ್ತು. ಹಾಗಾಗಿ ನ್ಯೂಯಾರ್ಕಿನಲ್ಲಿ ಕುಳಿತು ಇಂಗ್ಲೆಂಡಿನ ಕಾಡಿನ ಕಥೆ ಬರೆದು ಅಂಚೆಯಲ್ಲಿ ಲಂಡನ್ನಿಗೆ ಕಳಿಸುವುದು, ಅಲ್ಲಿ ಚಿತ್ರೀಕರಣವಾಗಿ ಅದು ಮತ್ತೆ ಅಮೆರಿಕಕ್ಕೆ ಬಂದು ಪ್ರಸಾರವಾಗುವುದು. ಶೀರ್ಷಿಕೆಯಲ್ಲಿ ಕಟ್ಟುಹೆಸರುಗಳು. ಅವನ್ನೂ ಆಗಾಗ ಬದಲಿಸಬೇಕಾಗುತ್ತಿತ್ತು. ಒಂದೇ ಹೆಸರು ಪ್ರಸಿದ್ಧವಾದರೆ 'ಆ ಲೇಖಕನನ್ನು ಒಮ್ಮೆ ಭೇಟಿ ಮಾಡಿಸಿ' ಎನ್ನುವವರು ಹುಟ್ಟಿಕೊಳ್ಳುತ್ತಾರಲ್ಲ!

ಗಾಲಿಯ ಮೇಲಿನ ಶೆರ್‌ವುಡ್

'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' ಲಂಡನ್ನಿನಲ್ಲಿ ಸೆಪ್ಟೆಂಬರ್ 25ರಂದು, ಅಮೆರಿಕದ ಸಿಬಿಎಸ್‌ನಲ್ಲಿ ಮರುದಿನ ಶುರುವಾಯಿತು. ನಾಲ್ಕು ಸರಣಿಗಳಲ್ಲಿ ಅರ್ಧ ಗಂಟೆಯ 143 ಕಂತುಗಳು. ನಾಯಕ ರಿಚರ್ಡ್ ಗ್ರೀನ್, ಶೆರಿಫ್ ಪಾತ್ರಕ್ಕೆ ಅಲನ್ ವೀಟ್ಲಿ. ವಾಲ್ಟನ್‌ನ ಸ್ಟುಡಿಯೋದಲ್ಲಿ ಕಾಡು, ಕೋಟೆ, ಹೆಂಡದಂಗಡಿ ಎಲ್ಲವೂ ಒಂದೇ ಸೂರಿನಡಿ. ಕಲಾ ನಿರ್ದೇಶಕ ಪೀಟರ್ ಪ್ರೌಡ್ ಅಗ್ಗಿಷ್ಟಿಕೆ, ಬಾಗಿಲು, ಕಮಾನು, ದೊಡ್ಡ ಟೊಳ್ಳು ಮರದ ಕಾಂಡ ಎಲ್ಲಕ್ಕೂ ಗಾಲಿ ಹಾಕಿಸಿದ್ದರು. ಒಂದು ದೃಶ್ಯ ಮುಗಿದೊಡನೆ ಕೋಟೆಯ ಗೋಡೆಯನ್ನು ಅತ್ತ ತಳ್ಳಿ ಮರವನ್ನು ಇತ್ತ ಎಳೆದರೆ ರಾಬಿನ್ ಅಡಗಿದ ಕಾಡಾದ ಶೆರ್‌ವುಡ್ ಸಿದ್ಧ. ವಾರಕ್ಕೊಂದು ಕಂತು ಮುಗಿಸಲು ಇಂಥ ಜುಗಾಡು ಬೇಕೇ ಬೇಕಿತ್ತು. ಆ ಮರಗಳು ಎಷ್ಟೋ ಕಂತುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ, ನೋಡುಗರು ತಲೆ ಕೆಡಿಸಿಕೊಂಡಂತಿಲ್ಲ.

ಮೊದಲ ಕಂತನ್ನೇ ತೆಗೆದುಕೊಳ್ಳೋಣ. ಲಾಕ್ಸ್‌ಲಿಯ ರಾಬಿನ್ ಕ್ರೈಸ್ತರು ಮುಸ್ಲಿಮರ ವಿರುದ್ಧ ನಡೆಸಿದ ಧರ್ಮಯುದ್ಧದಿಂದ ಊರಿಗೆ ಮರಳುತ್ತಾನೆ. ಅವನ ಮನೆ, ಜಮೀನು ನಾರ್ಮನ್ ಒಡೆಯನೊಬ್ಬನ ಕೈಸೇರಿವೆ. ರಾಬಿನ್ ಕತ್ತಿ ಹಿರಿಯುವುದಿಲ್ಲ, ಕಾನೂನಿನ ಬಾಗಿಲು ಬಡಿಯುತ್ತಾನೆ. ನ್ಯಾಯ ಕೇಳಲು ಹೋದವನೇ ಅಪರಾಧಿಯಾಗಿ ಕಾಡು ಸೇರುತ್ತಾನೆ. ದೇಶಕ್ಕಾಗಿ ಹೋರಾಡಿ ಬಂದವನನ್ನು ದೇಶದ ಕಾನೂನೇ ಹೊರದಬ್ಬುವ ಈ ಕಥೆಯನ್ನು ಸಾಕ್ಷಿಕಟ್ಟೆ ಹತ್ತಿ ಸೆರೆಮನೆ, ಕಪ್ಪುಪಟ್ಟಿ ಕಂಡವರು ಬರೆದರು ಎಂದು ಗೊತ್ತಿದ್ದರೆ ಓದುವ ರೀತಿಯೇ ಬದಲಾಗುತ್ತದೆ. ಮುಂದಿನ ಕಂತುಗಳಲ್ಲಿ ಅನ್ಯಾಯದ ತೆರಿಗೆ, ಸುಳ್ಳು ವಿಚಾರಣೆ, ಜೀತದಿಂದ ತಪ್ಪಿಸಿಕೊಳ್ಳುವವರು, ಹಣದಾಸೆಗೆ ನೆರೆಯವನನ್ನು ಹಿಡಿದುಕೊಡುವವರು ಬರುತ್ತಲೇ ಇರುತ್ತಾರೆ. ರಾಬಿನ್ ಎಲ್ಲಿದ್ದಾನೆ, ಅವನ ಜೊತೆ ಯಾರಿದ್ದಾರೆ ಎಂದು ಹಳ್ಳಿಯವರನ್ನು ಕಾಡುವ ಶೆರಿಫ್‌ನ ಪ್ರಶ್ನೆಗೂ ವಾಷಿಂಗ್ಟನ್ನಿನ ಸಮಿತಿಯ ಪ್ರಶ್ನೆಗೂ ಹೆಚ್ಚು ಅಂತರವಿಲ್ಲ. ಅಧ್ಯಕ್ಷ ಐಸೆನ್‌ಹೋವರ್ ಕಾಲದ ಅಮೆರಿಕದ ಬಗ್ಗೆ ಟೀಕೆ ಮಾಡಲು ಈ ಸರಣಿಯಲ್ಲಿ ಬೇಕಾದಷ್ಟು ಅವಕಾಶವಿತ್ತು ಎಂದು ಲಾರ್ಡ್ನರ್ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಹಾಗಾದರೆ ಇಂಡಿಯಾನಾದ ಆ ಸದಸ್ಯೆ ಹೇಳಿದ್ದು ಸರಿಯೇ? ಅಪ್ಪಣೆ, ಸಂಚು ಎಂಬುದೆಲ್ಲ ಕಲ್ಪನೆ. ಆದರೆ ಕಥೆಯ ನಾಡಿ ಹಿಡಿಯುವಲ್ಲಿ ಅವರು ನಕ್ಕವರೆಲ್ಲರಿಗಿಂತ ಚುರುಕಾಗಿದ್ದರು. ಇದು ಮಕ್ಕಳ ಕಥೆ, ಇದರಲ್ಲೇನಿದೆ ಎಂದವರು ಕಥೆಯನ್ನು ಹಗುರಾಗಿ ಕಂಡರು. ಆ ಸದಸ್ಯೆ, ಲಾರ್ಡ್ನರ್ ಇಬ್ಬರೂ ಅದನ್ನು ಗಂಭೀರವಾಗಿ ಓದಿದರು, ಹೆಚ್ಚೂಕಡಿಮೆ ಒಂದೇ ರೀತಿ ಓದಿದರು. ಒಬ್ಬರು ಹೆದರಿದರು, ಇನ್ನೊಬ್ಬರು ಹೊಟ್ಟೆಪಾಡು ಮಾಡಿಕೊಂಡರು.

ಹಾಗೆಂದು ಈ ಸರಣಿಯನ್ನು ಕ್ರಾಂತಿಯ ಕರಪತ್ರ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಪ್ರಾಯೋಜಕರು ಯಾರು ನೋಡಿ: ಜಾನ್ಸನ್ ಅಂಡ್ ಜಾನ್ಸನ್, ಮತ್ತೆ ತಲೆಗೆ ಹಚ್ಚುವ ವೈಲ್ಡ್‌ರೂಟ್ ಕ್ರೀಮು. ಎರಡು ಜಾಹೀರಾತುಗಳ ನಡುವೆ ಬಂಡಾಯ. ಅದಕ್ಕಿಂತ ಮುಖ್ಯವಾದದ್ದು, ಈ ರಾಬಿನ್ ಕೂಡ ಮಂಡೇ ಕಟ್ಟಿಕೊಟ್ಟ ಕುಲೀನನೇ, ಕಳೆದುಕೊಂಡ ಆಸ್ತಿಗಾಗಿ ಕೊರಗುವವನೇ. ಅವನ ಸಿಟ್ಟು ಕೆಟ್ಟ ಅಧಿಕಾರಿಯ ಮೇಲೆ, ಅಧಿಕಾರದ ಮೇಲಲ್ಲ. ದೂರ ಹೋಗಿರುವ ಒಳ್ಳೆಯ ರಾಜ ರಿಚರ್ಡ್ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಕಥೆಯ ಮೂಳೆಯಲ್ಲೇ ಇದೆ. ಎಡಪಂಥೀಯ ಲೇಖಕರಿಗೂ ಅದನ್ನು ಕಿತ್ತುಹಾಕಲು ಆಗಲಿಲ್ಲ, ಅಥವಾ ಅವರು ಪ್ರಯತ್ನಿಸಲಿಲ್ಲ. ಯಾರು ಬೇಕಾದರೂ ಕೂರಬಹುದಾದ ಕುರ್ಚಿಯ ಬೆಲೆ ಇದೇ: ಕುಳಿತವನನ್ನು ಇಳಿಸಬಹುದು, ಕುರ್ಚಿಯನ್ನು ಮುರಿಯುವ ಮಾತೇ ಬರುವುದಿಲ್ಲ. ಜಾಹೀರಾತುದಾರರು ಇದನ್ನು ಸಾಕಿ ಬೆಳೆಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆಮೇಲಿನ ಶೆರಿಫರು

ಸರಣಿ ಗೆದ್ದದ್ದರಿಂದ ವೈನ್‌ಸ್ಟೈನ್ ಇನ್ನೂ ಹಲವು ಸಾಹಸ ಸರಣಿಗಳನ್ನು ಮಾಡಿದರು, ಬಹಿಷ್ಕೃತರಿಗೆ ಇನ್ನಷ್ಟು ಕೆಲಸ ಸಿಕ್ಕಿತು. ಬ್ರಿಟಿಷ್ ಟಿವಿ ಕಾರ್ಯಕ್ರಮವೊಂದು ಅಮೆರಿಕದಲ್ಲಿ ಹಣ ಮಾಡಬಲ್ಲದು ಎಂಬುದನ್ನು ತೋರಿಸಿಕೊಟ್ಟ ಮೊದಲಿನವುಗಳಲ್ಲಿ ಇದೂ ಒಂದು. ಬಿಲ್ಲು ಬಾಣ ಹಿಡಿದು ಹಿತ್ತಲಿನಲ್ಲಿ ಶೆರಿಫ್‌ನನ್ನು ಅಟ್ಟಾಡಿಸಿದ ಮಕ್ಕಳಲ್ಲಿ ಎಷ್ಟು ಮಂದಿ ಮುಂದೆ ಅರವತ್ತರ ದಶಕದ ಪ್ರತಿಭಟನೆಗಳಿಗೆ ಇಳಿದರು ಎಂದು ಕೆಲವರು ಉತ್ಸಾಹದಿಂದ ಲೆಕ್ಕ ಹಾಕುವುದುಂಟು. ಅಂಥ ಲೆಕ್ಕ ಹಾಕಲು ಯಾವ ತಕ್ಕಡಿಯೂ ಇಲ್ಲ, ನಾನು ಆ ಗೊಡವೆಗೆ ಹೋಗುವುದಿಲ್ಲ.

ಕುರ್ಚಿಯಂತೂ ಖಾಲಿ ಬೀಳಲಿಲ್ಲ. 1984ರ ಬ್ರಿಟಿಷ್ ಟಿವಿ ಸರಣಿಯೊಂದು ರಾಬಿನ್‌ನ ತಂಡಕ್ಕೆ ಮುಸ್ಲಿಂ ಯೋಧನೊಬ್ಬನನ್ನು ಸೇರಿಸಿತು. 1991ರ ಹಾಲಿವುಡ್ ಚಿತ್ರದಲ್ಲೂ ಅಂಥವನೊಬ್ಬ ಬಂದ. ಧರ್ಮಯುದ್ಧದಿಂದ ಮರಳಿದವನ ಪಕ್ಕದಲ್ಲಿ ಅವನು ಯಾರೊಡನೆ ಹೋರಾಡಿದ್ದನೋ ಅವರಲ್ಲೊಬ್ಬ! ಈಗ ಅವನಿಲ್ಲದ ಶೆರ್‌ವುಡ್ ಬೋಳು ಎನಿಸುವಷ್ಟು ಅದು ಒಗ್ಗಿಹೋಗಿದೆ. 2010ರಲ್ಲಿ ಬ್ರಿಟನ್ನಿನ ಸೇವಾಸಂಸ್ಥೆಗಳು ಹಣಕಾಸು ವಹಿವಾಟಿನ ಮೇಲೆ ಸಣ್ಣ ತೆರಿಗೆ ಬೇಕೆಂದು ಶುರುಮಾಡಿದ ಆಂದೋಲನಕ್ಕೆ ರಾಬಿನ್ ಹುಡ್ ತೆರಿಗೆ ಎಂದೇ ಹೆಸರಿಟ್ಟವು. ತೆರಿಗೆ ವಸೂಲಿಯ ವಿರುದ್ಧ ನಿಂತವನ ಹೆಸರಿನಲ್ಲಿ ತೆರಿಗೆ! ಬ್ಯಾಂಕುಗಳು ಶೆರಿಫ್ ಆದುದರಿಂದ ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ. ಅಮೆರಿಕದ ಷೇರು ವಹಿವಾಟಿನ ರಾಬಿನ್‌ಹುಡ್ ಆ್ಯಪ್ 2021ರ ಜನವರಿಯಲ್ಲಿ ಗೇಮ್‌ಸ್ಟಾಪ್ ಷೇರುಗಳ ಖರೀದಿಗೆ ತಡೆ ಒಡ್ಡಿದಾಗ ಸಣ್ಣ ಹೂಡಿಕೆದಾರರು ಕೆರಳಿ, ಬಡವರಿಂದ ಕಿತ್ತು ಶ್ರೀಮಂತರಿಗೆ ಕೊಟ್ಟಿರಿ ಎಂದು ಅದೇ ಹೆಸರನ್ನು ಕಂಪನಿಯ ಮುಖಕ್ಕೆ ಎಸೆದರು. ನಮ್ಮಲ್ಲೂ ಕದ್ದ ಹಣದಲ್ಲಿ ಒಂದಿಷ್ಟನ್ನು ಊರಿನವರಿಗೆ ಹಂಚಿದ ಕಳ್ಳ ಸಿಕ್ಕಿಬಿದ್ದರೆ ಪತ್ರಿಕೆಗಳಿಗೆ ತಲೆಬರಹ ಹುಡುಕುವ ಕಷ್ಟವಿಲ್ಲ, 'ಆಧುನಿಕ ರಾಬಿನ್‌ಹುಡ್' ಎಂದರೆ ಮುಗಿಯಿತು. ಅಂಥ ಸುದ್ದಿಗಳಲ್ಲಿ ಶೆರಿಫ್ ಯಾರು ಎಂದು ಮಾತ್ರ ಯಾರೂ ಬರೆಯುವುದಿಲ್ಲ.

ಲೇಖಕರ ಪಾಡು ನಿಧಾನವಾಗಿ ಸುಧಾರಿಸಿತು. 1960ರಲ್ಲಿ ಟ್ರಂಬೋ ಹೆಸರು ಮತ್ತೆ ತೆರೆಯ ಮೇಲೆ ಬಂದು ಕಪ್ಪುಪಟ್ಟಿ ಬಿರುಕು ಬಿಟ್ಟಿತು. ಲಾರ್ಡ್ನರ್‌ಗೆ 1970ರ ಚಿತ್ರವೊಂದಕ್ಕೆ ಎರಡನೆಯ ಆಸ್ಕರ್ ಬಂತು. ಹಾಲಿವುಡ್‌ನ ಹತ್ತು ಮಂದಿಯಲ್ಲಿ ಕೊನೆಯವರಾಗಿ ಅವರು 2000ದಲ್ಲಿ ತೀರಿಕೊಂಡರು. 'ರೋಮನ್ ಹಾಲಿಡೇ' ಕಥೆಯ ಆಸ್ಕರ್ ಅನ್ನು 1993ರಲ್ಲಿ ಟ್ರಂಬೋ ಹೆಸರಿಗೆ ಕೊಡಲಾಯಿತು, ಅಷ್ಟರಲ್ಲಿ ಅವರು ಸತ್ತು 17 ವರ್ಷವಾಗಿತ್ತು. ಲೇಖಕರ ಸಂಘ ಆ ಚಿತ್ರದ ಬರವಣಿಗೆಯ ಶ್ರೇಯಸ್ಸನ್ನು ಅಧಿಕೃತವಾಗಿ ತಿದ್ದಿದ್ದು 2011ರಲ್ಲಿ, ಹಂಟರ್ ಮತ್ತು ಟ್ರಂಬೋ ಇಬ್ಬರ ಮಕ್ಕಳೂ ಅದಕ್ಕಾಗಿ ಶ್ರಮಿಸಿದ ಮೇಲೆ. ರಾಬಿನ್ ಹುಡ್ ಸರಣಿಯ ಕಪ್ಪು ಬಿಳುಪಿನ ಹಳೆಯ ಪ್ರತಿಗಳಲ್ಲಿ ಲೇಖಕರೆಂದು ಈಗಲೂ ಓಡುವುದು ಆ ಕಟ್ಟುಹೆಸರುಗಳೇ.